ಎದೆ ಒಂದು, ಫೈಲು ನಾಲ್ಕು

ಟೇಕಲ್‌ನಲ್ಲಿ ಯಾರಾದರೂ ಎದೆ ಹಿಡಿದುಕೊಂಡು ಕೂತರೆ ಮೊದಲು ಕೇಳಿಬರುವ ಮಾತು ‘ಗ್ಯಾಸ್ಟ್ರಿಕ್ ಇರಬೇಕು, ಒಂದು ಸೋಡಾ ಕುಡಿ’. ಸೋಡಾ ಕುಡಿದ ಮೇಲೂ ನೋವು ಇಳಿಯದೆ, ಮೈಯೆಲ್ಲ ಬೆವತು, ನೋವು ಎಡಗೈಗೆ ಇಳಿಯತೊಡಗಿದಾಗ ಎರಡನೆಯ ಮಾತು ಹೊರಡುತ್ತದೆ: ‘ಯಾವ ಕಡೆ ಕರ್ಕೊಂಡು ಹೋಗೋಣ?’

ಮಾಲೂರು ತಾಲ್ಲೂಕಿನ ಈ ಹೋಬಳಿ ಕೇಂದ್ರದಿಂದ ಹೊರಡುವ ದಾರಿಗಳಿಗೇನೂ ಬರವಿಲ್ಲ. ಪಡುವಣಕ್ಕೆ ಮಾಲೂರಿನ ತಾಲ್ಲೂಕು ಆಸ್ಪತ್ರೆ. ಬಡಗಣಕ್ಕೆ ಕೋಲಾರ, ಅಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಊರಾಚೆ ಟಮಕದಲ್ಲಿ ಆರ್.ಎಲ್. ಜಾಲಪ್ಪ ಆಸ್ಪತ್ರೆ. ಇನ್ನು ಊರ ಮಗ್ಗುಲಲ್ಲೇ ಬೆಂಗಳೂರು–ಚೆನ್ನೈ ರೈಲು ಹಳಿ ಇದೆ. ಬೆಳಗಿನ ಪ್ಯಾಸೆಂಜರ್ ಹತ್ತಿದವರು ವೈಟ್‌ಫೀಲ್ಡ್‌ನಲ್ಲಿ ಇಳಿದರೆ 2001ರಿಂದ ಹೃದಯದ ಆಪರೇಷನ್ನನ್ನೂ ಪುಕ್ಕಟೆಯಾಗಿ ಮಾಡುತ್ತಿರುವ ಸತ್ಯಸಾಯಿ ಆಸ್ಪತ್ರೆ. ಮುಂದೆ ಹೋದರೆ ಜಯದೇವ. ಹೊಸೂರು ರಸ್ತೆ ಹಿಡಿದರೆ ಬೊಮ್ಮಸಂದ್ರದ ನಾರಾಯಣ. ಬಂಡೆ ಕೆಲಸ, ಹಾಲಿನ ಡೇರಿ, ಟೊಮೆಟೊ ನೆಚ್ಚಿ ಬದುಕುವ ಈ ಸೀಮೆಯ ಜನ ಈ ಎಲ್ಲ ಆಸ್ಪತ್ರೆಗಳನ್ನೂ ಒಂದಲ್ಲ ಒಂದು ಸಲ ಕಂಡವರೇ. ಹಾಗಾಗಿಯೇ ಒಬ್ಬನೇ ಮನುಷ್ಯನ ಹೃದಯ ನಾಲ್ಕು ಕಡೆ ಹಂಚಿಹೋಗಿರುತ್ತದೆ: ಒಂದು ಕಡೆ ಇಸಿಜಿ, ಇನ್ನೊಂದು ಕಡೆ ಎಕೋ, ಮತ್ತೊಂದು ಕಡೆ ಆಂಜಿಯೋಗ್ರಾಂ, ಬಿ.ಪಿ. ಮಾತ್ರೆಯ ಚೀಟಿ ಊರಿನ ಸರ್ಕಾರಿ ಆಸ್ಪತ್ರೆಯದು. ಇವನ್ನೆಲ್ಲ ಒಂದು ಕಡೆ ಸೇರಿಸುವ ವ್ಯವಸ್ಥೆ ಸದ್ಯಕ್ಕೆ ಒಂದೇ. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು.

ಮುನಿಯಪ್ಪ ಎಂಬ ಹೆಸರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಕೋಲಾರ ಜಿಲ್ಲೆಯಲ್ಲಿ ಈ ಹೆಸರು ಹೇಳಿದರೆ ಯಾರನ್ನೂ ಬೊಟ್ಟು ಮಾಡಿ ತೋರಿಸಿದಂತಾಗುವುದಿಲ್ಲ. ಮುಂದೆ ಹೇಳಲಿರುವ ತೊಂದರೆಯೂ ಅದೇ. ಕಲ್ಪನೆಯ ಈ ಮುನಿಯಪ್ಪನಿಗೆ ಒಂದು ಸಲ ಹೃದಯಾಘಾತವಾಗಿ ಬೆಂಗಳೂರಿನಲ್ಲಿ ಸ್ಟೆಂಟ್ ಹಾಕಿದ್ದಾರೆ. ಈಗ ಮತ್ತೆ ನೋವು. ಮಾಲೂರಿಗೆ ಕರೆತಂದಿದ್ದಾರೆ. ಇಸಿಜಿ ತೆಗೆದ ಡಾಕ್ಟರು ಕಾಗದವನ್ನು ಎರಡು ಸಲ ನೋಡಿ, ಜೊತೆಗೆ ಬಂದ ಹೆಂಡತಿಯತ್ತ ತಲೆ ಎತ್ತುತ್ತಾರೆ.

‘ಹಳೇ ಇಸಿಜಿ ಇದೆಯೇನಮ್ಮಾ?’

‘ಮನೇಲೈತೆ ಸಾರ್. ಟ್ರಂಕಲ್ಲಿಟ್ಟಿವ್ನಿ.’

ಡಾಕ್ಟರು ಹಳೆಯದನ್ನು ಕೇಳಿದ್ದು ಸುಮ್ಮನೆ ಅಲ್ಲ. ಹೃದಯಾಘಾತದ ದೊಡ್ಡ ಬಗೆಯೊಂದರಲ್ಲಿ ಇಸಿಜಿಯ ಗೆರೆ ಒಂದು ನಿರ್ದಿಷ್ಟ ಜಾಗದಲ್ಲಿ ಮೇಲೆದ್ದಿರುತ್ತದೆ. ಎಸ್‌ಟಿ ಏರಿಕೆ ಎನ್ನುತ್ತಾರೆ. ಅದನ್ನು ಕಂಡ ಕೂಡಲೇ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕು, ಇಲ್ಲವೇ ಆಂಜಿಯೋಪ್ಲಾಸ್ಟಿಗೆ ಒಯ್ಯಬೇಕು. ಆದರೆ ಹಿಂದೆ ಒಂದು ದೊಡ್ಡ ಆಘಾತವಾಗಿ ಹೃದಯದ ಗೋಡೆ ತೆಳುವಾಗಿ ಉಬ್ಬಿಕೊಂಡವರಲ್ಲಿ ಆ ಏರಿಕೆ ವರ್ಷಗಟ್ಟಲೆ ಹಾಗೆಯೇ ಉಳಿದುಬಿಡುವುದುಂಟು. ಹೃದಯದ ಎಡಗಡೆಯ ವಿದ್ಯುತ್ ದಾರಿ ಕಟ್ಟಿಹೋದವರ ಗೆರೆಗಳಂತೂ ಯಾವಾಗಲೂ ಸೊಟ್ಟಗೇ ಇರುತ್ತವೆ. ಇವತ್ತಿನ ಕಾಗದವೊಂದನ್ನೇ ನೋಡಿ ಇದು ಹೊಸದೋ ಹಳೆಯದೋ ಎಂದು ಹೇಳುವುದು ಪಳಗಿದ ತಜ್ಞರಿಗೂ ಕಷ್ಟ. ಹೆಪ್ಪು ಕರಗಿಸುವ ಔಷಧವೇನೂ ನಿರಪಾಯವಲ್ಲ. ಕೆಲವರಿಗೆ ಮೆದುಳಿನಲ್ಲಿ ರಕ್ತಸ್ರಾವವಾಗುತ್ತದೆ. ಕೊಟ್ಟರೆ ಆ ಭಯ, ಕೊಡದಿದ್ದರೆ ಹೃದಯದ ಮಾಂಸ ನಿಮಿಷ ನಿಮಿಷಕ್ಕೂ ಸಾಯುತ್ತದೆ. ಟ್ರಂಕಿನೊಳಗಿನ ಆ ಒಂದು ಹಾಳೆ ಪಕ್ಕದಲ್ಲಿದ್ದಿದ್ದರೆ ಎರಡನ್ನೂ ಹೋಲಿಸಿ ತೀರ್ಮಾನಕ್ಕೆ ಬರಲು ಅರ್ಧ ನಿಮಿಷ ಸಾಕಿತ್ತು.

ಆಸ್ಪತ್ರೆಗಳಲ್ಲಿ ಹೃದಯದ ಚಿತ್ರಗಳನ್ನೂ ಮಾಹಿತಿ ವ್ಯವಸ್ಥೆಯನ್ನೂ ಜೋಡಿಸುವ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ದೊಡ್ಡ ಪರದೆ, ಮೂರು ಆಯಾಮದ ಹೃದಯ, ಕೃತಕ ಬುದ್ಧಿಮತ್ತೆಯಿಂದ ಶುರುಮಾಡುತ್ತಾರೆ. ನನಗೆ ಕಾಣುವಂತೆ ಕಥೆ ಶುರುವಾಗಬೇಕಾದದ್ದು ಈ ಟ್ರಂಕಿನಿಂದ.

ಅತಿ ಚಿಕ್ಕದೇ ಅತಿ ಕಷ್ಟದ್ದು

ಹೃದಯದ ಸಂಕೇತವನ್ನು ತಂತಿಯ ಮೇಲೆ ಕಳಿಸುವುದು ಹೊಸ ವಿದ್ಯೆಯಲ್ಲ. ಇಸಿಜಿಯ ಜನಕ, ಹಾಲೆಂಡಿನ ವಿಲೆಂ ಐಂಥೋವನ್‌ನ ಯಂತ್ರ ಕೋಣೆ ತುಂಬುವಷ್ಟು ದೊಡ್ಡದು. ಅದನ್ನು ಆಸ್ಪತ್ರೆಗೆ ಸಾಗಿಸುವಂತಿರಲಿಲ್ಲ, ಹಾಸಿಗೆ ಹಿಡಿದ ರೋಗಿಯನ್ನು ಲ್ಯಾಬಿಗೆ ತರುವುದೂ ಸುಲಭವಿರಲಿಲ್ಲ. ಹಾಗಾಗಿ 1905ರಲ್ಲಿ ಆತ ಲೈಡನ್ ಊರಿನ ಆಸ್ಪತ್ರೆಯಿಂದ ಸುಮಾರು ಒಂದೂವರೆ ಕಿಲೋಮೀಟರ್ ದೂರದ ತನ್ನ ಲ್ಯಾಬಿಗೆ ಟೆಲಿಫೋನ್ ತಂತಿಯ ಮೂಲಕವೇ ರೋಗಿಯ ಎದೆಬಡಿತ ತರಿಸಿಕೊಂಡ. ನೊಬೆಲ್ ಬಂದದ್ದು 1924ರಲ್ಲಿ. ಎಂದರೆ ದೂರದಿಂದ ಇಸಿಜಿ ನೋಡುವುದು ಇಸಿಜಿಯಷ್ಟೇ ಹಳೆಯದು. ಕಳಿಸುವ ಸಮಸ್ಯೆ ಆಗಲೇ ಬಗೆಹರಿದಿತ್ತು. ಬಗೆಹರಿಯದೆ ಉಳಿದದ್ದು ಕಳಿಸಿದ್ದನ್ನು ಸರಿಯಾದ ಹೆಸರಿನ ಕೆಳಗೆ ಇಟ್ಟುಕೊಳ್ಳುವುದು.

ಸ್ವಲ್ಪ ಲೆಕ್ಕ ಹಾಕೋಣ. ಹನ್ನೆರಡು ಲೀಡುಗಳ ಇಸಿಜಿಯನ್ನು ಹತ್ತು ಸೆಕೆಂಡು, ಪ್ರತಿ ಸೆಕೆಂಡಿಗೆ 500 ಅಳತೆಯಂತೆ ಬರೆದಿಟ್ಟರೆ ಅದರ ಗಾತ್ರ ಸುಮಾರು 120 ಕಿಲೋಬೈಟ್. ಹಬ್ಬದ ದಿನ ವಾಟ್ಸ್‌ಆ್ಯಪ್‌ನಲ್ಲಿ ಬರುವ ಶುಭಾಶಯದ ಚಿತ್ರಕ್ಕಿಂತ ಹೆಚ್ಚೇನಲ್ಲ. ಆಂಜಿಯೋಗ್ರಾಂ ಹಾಗಲ್ಲ. ಪ್ರತಿ ಸೆಕೆಂಡಿಗೆ 15 ಚಿತ್ರ. ಒಂದೊಂದರಲ್ಲೂ ಉದ್ದಗಲಕ್ಕೆ 512 ಚುಕ್ಕಿ ಎಂದು ಹಿಡಿದರೂ ಸೆಕೆಂಡಿಗೆ ಸುಮಾರು 4 ಮೆಗಾಬೈಟ್. ಬೇರೆ ಬೇರೆ ಕೋನಗಳಿಂದ ಹತ್ತು ಸಲ, ಐದೈದು ಸೆಕೆಂಡು ತೆಗೆದರೆ 200 ಮೆಗಾಬೈಟ್. ಎಕೋ ಅಂದರೆ ಬಡಿಯುವ ಹೃದಯದ ಹತ್ತಾರು ತುಣುಕು ವಿಡಿಯೊ.

ಇಷ್ಟು ಭಾರದ ಆಂಜಿಯೋ, ಎಕೋಗಳಿಗೆ ಒಂದು ಸಾಮಾನ್ಯ ಭಾಷೆ ಸಿಕ್ಕಿ ಮೂವತ್ತು ವರ್ಷ ದಾಟಿತು. ಆದರೆ 120 ಕಿಲೋಬೈಟಿನ ಇಸಿಜಿ ಇವತ್ತಿಗೂ ಅನಾಥ. ಒಂದು ಕಂಪನಿಯ ಯಂತ್ರ ತನ್ನದೇ ಬರಹದಲ್ಲಿ ಬರೆಯುತ್ತದೆ, ಇನ್ನೊಂದರದು ಪಿಡಿಎಫ್ ಕೊಡುತ್ತದೆ, ಅಗ್ಗದವು ಬರೀ ಕಾಗದ ಉಗುಳುತ್ತವೆ. ಇದಕ್ಕೆಂದು ಮಾನದಂಡಗಳು ಇಲ್ಲವೆಂದಲ್ಲ. ಒಂದಕ್ಕಿಂತ ಹೆಚ್ಚಿವೆ, ಅದೇ ತಾಪತ್ರಯ. ಆ ಕಾಗದವಾದರೂ ಬಾಳುತ್ತದೆಯೇ? ಶಾಖಕ್ಕೆ ಕಪ್ಪಾಗುವ ಥರ್ಮಲ್ ಕಾಗದ ಅದು. ಬಿಸಿಲು ಬಿದ್ದ ಗೋಡೆಯ ಮೊಳೆಗೆ ಕವರು ನೇತುಹಾಕಿದ್ದರೆ ಕೆಲವೇ ವರ್ಷಗಳಲ್ಲಿ ಗೆರೆಯೂ ಮಾಯ, ತಾರೀಕೂ ಮಾಯ.

ಹಾಗಾಗಿ ಡಾಕ್ಟರುಗಳು ತಮ್ಮದೇ ಜಾಲ ಕಟ್ಟಿಕೊಂಡರು. ಇಸಿಜಿಯ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು, ಆ ಕಡೆಯ ತಜ್ಞರು ‘ಲೈಸ್ ಮಾಡಿ (ಹೆಪ್ಪು ಕರಗಿಸಿ), ಕಳಿಸಿ’ ಎಂದು ಉತ್ತರಿಸುವುದು. ಇದರಿಂದ ಉಳಿದ ಜೀವಗಳು ಬಹಳ. ಇದನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಆದರೆ ಫೋಟೊದಲ್ಲಿ ಗೆರೆ ಬಾಗುತ್ತದೆ, ಮಡಿಕೆಯ ನೆರಳು ಬೀಳುತ್ತದೆ, ಹೆಸರಿನ ಅಂಚು ಹೊರಗೆ ಉಳಿಯುತ್ತದೆ. ಮಾರನೆಯ ವಾರ ಹುಡುಕಿದರೆ ಮದುವೆ ಕರೆಯೋಲೆ, ರಜೆ ಅರ್ಜಿಗಳ ನಡುವೆ ಎಲ್ಲೋ ಹೂತಿರುತ್ತದೆ. ಅಳತೆಗಳಾಗಿದ್ದ ಇಸಿಜಿ ಬರೀ ಚಿತ್ರವಾಗಿ, ಆಮೇಲೆ ಚಿತ್ರವೂ ಇಲ್ಲವಾಗುತ್ತದೆ.

ಬಂಗಾರಪೇಟೆಯ ಜಂಕ್ಷನ್

ದೊಡ್ಡ ಆಸ್ಪತ್ರೆಯೊಳಗೆ ಇದೆಲ್ಲ ಸರಿಯಾಗಿರುತ್ತದೆ ಎಂದುಕೊಳ್ಳುವವರಿಗೆ ಟೇಕಲ್‌ನಿಂದ ಮೂಡಣಕ್ಕಿರುವ ಬಂಗಾರಪೇಟೆಯ ಹಳೆಯ ರೈಲು ನಿಲ್ದಾಣವನ್ನು ನೆನಪಿಸಬೇಕು. ಬ್ರಾಡ್‌ಗೇಜ್‌ನಲ್ಲಿ ಬಂದವರು ಅಲ್ಲಿ ಇಳಿದು, ಗಂಟುಮೂಟೆ ಹೊತ್ತು, ಕೋಲಾರ–ಚಿಕ್ಕಬಳ್ಳಾಪುರದ ಕಡೆಯ ನ್ಯಾರೋಗೇಜ್ ಚಿಕ್ಕ ರೈಲು ಹತ್ತಬೇಕಿತ್ತು. ಎರಡೂ ರೈಲೇ, ಎರಡೂ ಒಂದೇ ನಿಲ್ದಾಣಕ್ಕೆ ಬರುತ್ತಿದ್ದವು. ಆದರೆ ಒಂದರ ಡಬ್ಬಿ ಇನ್ನೊಂದರ ಹಳಿಯ ಮೇಲೆ ಹೋಗದು. ಆ ದಾರಿಯಷ್ಟೂ ಬ್ರಾಡ್‌ಗೇಜ್ ಆಗಿ ಮುಗಿಯುವ ಹೊತ್ತಿಗೆ 2013 ಬಂದಿತ್ತು. ಹೃದ್ರೋಗ ವಿಭಾಗದಲ್ಲಿ ನಡೆಯುವುದೂ ಇದೇ. ಎಕೋ ಯಂತ್ರ ಒಂದು ಕಂಪನಿಯದು, ಆಂಜಿಯೋ ಮಾಡುವ ಕ್ಯಾತ್ ಲ್ಯಾಬ್ ಇನ್ನೊಂದರದು, ಅಲ್ಲೇ ರಕ್ತದೊತ್ತಡದ ಅಲೆಗಳನ್ನು ದಾಖಲಿಸುವ ಪೆಟ್ಟಿಗೆ ಮತ್ತೊಂದರದು, ಇಸಿಜಿ ನಾಲ್ಕನೆಯದು, ಒಪಿಡಿಯ ತಂತ್ರಾಂಶ ಬೆಂಗಳೂರಿನ ಯಾವುದೋ ಚಿಕ್ಕ ಸಂಸ್ಥೆಯದು. ಇವುಗಳ ನಡುವೆ ಗಂಟು ಹೊರುವ ಕೂಲಿಯವರೆಂದರೆ ನರ್ಸುಗಳು ಮತ್ತು ಟೆಕ್ನಿಷಿಯನ್‌ಗಳು: ಒಂದು ಪರದೆಯಲ್ಲಿ ಕಂಡ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಇನ್ನೊಂದು ಪರದೆಯಲ್ಲಿ ಕುಟ್ಟುವವರು.

ಹಳಿಯ ಅಳತೆ ಒಂದು ಮಾಡುವ ಕೆಲಸ ಶುರುವಾದದ್ದು ಅಮೆರಿಕದಲ್ಲಿ, 1983ರಲ್ಲಿ. ಅಲ್ಲಿನ ರೇಡಿಯಾಲಜಿ ವೈದ್ಯರ ಸಂಘ ಮತ್ತು ವಿದ್ಯುತ್ ಉಪಕರಣ ತಯಾರಕರ ಸಂಘ ಒಟ್ಟಿಗೆ ಕೂತವು. 1985ರಲ್ಲಿ ಮೊದಲ ಮಾನದಂಡ, 1993ರ ಹೊತ್ತಿಗೆ ಅದು ಬೆಳೆದು ‘ಡೈಕಾಮ್’ ಆಯಿತು. ಅದರ ಸೊಗಸು ಇಷ್ಟೇ: ಪ್ರತಿ ಚಿತ್ರದ ಒಡಲಲ್ಲೇ ರೋಗಿಯ ಹೆಸರು, ಸಂಖ್ಯೆ, ಹುಟ್ಟಿದ ದಿನ, ತೆಗೆದ ಹೊತ್ತು, ಯಂತ್ರದ ಗುರುತು ಹೊಲಿದಿರುತ್ತವೆ. ಚಿತ್ರ ಎಲ್ಲಿಗೆ ಹೋದರೂ ಗುರುತು ಜೊತೆಗೇ ಹೋಗುತ್ತದೆ. ಅದಕ್ಕೂ ಮುಂಚೆ ಆಂಜಿಯೋಗ್ರಾಂ ಎಂದರೆ ಸಿನಿಮಾದಂತೆಯೇ 35 ಮಿ.ಮೀ. ರೀಲು, ತೊಳೆದು, ಒಣಗಿಸಿ, ಪ್ರೊಜೆಕ್ಟರಿನಲ್ಲಿ ಓಡಿಸಿ ನೋಡಬೇಕಿತ್ತು. ತೊಂಬತ್ತರ ದಶಕದಲ್ಲಿ ರೀಲು ಹೋಗಿ ಸಿ.ಡಿ. ಬಂತು. ಚಿತ್ರವಲ್ಲದ ಮಾತುಗಳಿಗೆ, ಅಂದರೆ ರೋಗಿ ದಾಖಲಾದ, ಪರೀಕ್ಷೆ ಬರೆದರು, ವರದಿ ಬಂತು ಎಂಬ ಸುದ್ದಿಗಳಿಗೆ, 1987ರಲ್ಲಿ ಹುಟ್ಟಿದ ಎಚ್‌ಎಲ್7 ಎಂಬ ಇನ್ನೊಂದು ಭಾಷೆ. ಇವೆರಡನ್ನೂ ಹೇಗೆ ಕೂಡಿಸಿ ಬಳಸಬೇಕೆಂದು 1998ರಲ್ಲಿ ಐಎಚ್‌ಇ ಎಂಬ ಕೂಟ ಹುಟ್ಟಿತು; ಅದು ಕ್ಯಾತ್ ಲ್ಯಾಬಿಗೊಂದು, ಎಕೋಗೊಂದು, ಇಸಿಜಿಗೊಂದು ಕೆಲಸದ ಕ್ರಮವನ್ನೇ ಬರೆದಿಟ್ಟಿದೆ. ಭಾರತ ಸರ್ಕಾರವೂ 2013ರಲ್ಲಿ, ಮತ್ತೆ ತಿದ್ದಿ 2016ರಲ್ಲಿ, ವಿದ್ಯುನ್ಮಾನ ಆರೋಗ್ಯ ದಾಖಲೆಯ ಮಾನದಂಡ ಹೊರಡಿಸಿ ಚಿತ್ರಗಳಿಗೆ ಡೈಕಾಮನ್ನೇ ಒಪ್ಪಿಕೊಂಡಿದೆ. ಕಾಗದದ ಮೇಲೆ ಎಲ್ಲ ಇದೆ.

ಹಾಗಾದರೆ ಎಲ್ಲಿ ಹರಿಯುತ್ತದೆ? ಹೆಸರಿನಲ್ಲಿ. ನೋಂದಣಿ ಕೌಂಟರಿನಲ್ಲಿ ಒಬ್ಬ ಹುಡುಗ ಮುನಿಯಪ್ಪನ ಹೆಸರನ್ನು ಇಂಗ್ಲಿಷಿನಲ್ಲಿ ‘ವೈ’ ಹಾಕಿ ಬರೆದ. ಎಕೋ ಕೋಣೆಯ ಹುಡುಗಿ ‘ವೈ’ ಬಿಟ್ಟು ಬರೆದಳು. ಆಂಜಿಯೋ ಮಾಡುವಲ್ಲಿ ಅಪ್ಪನ ಹೆಸರಿನ ಅಕ್ಷರ ಮುಂದೆ ಬಂತು. ಹುಟ್ಟಿದ ದಿನ ಕೇಳಿದರೆ ‘ಅರವತ್ತು ಅಂತ ಬರ್ಕಳಿ ಸಾರ್’. ಕಂಪ್ಯೂಟರಿನ ಕಣ್ಣಿಗೆ ಈಗ ಮೂವರು ಮನುಷ್ಯರು. ತದ್ವಿರುದ್ಧದ್ದು ಇನ್ನೂ ಭಯಾನಕ: ಒಂದೇ ಹೆಸರಿನ, ಒಂದೇ ವಯಸ್ಸಿನ ಇಬ್ಬರು ಅದೇ ಬೆಳಿಗ್ಗೆ ಬಂದು, ಒಬ್ಬನ ಎಕೋ ಇನ್ನೊಬ್ಬನ ಫೈಲಿಗೆ ಸೇರುವುದು. ಕೋಲಾರದ ಮುನಿಯಪ್ಪ, ವೆಂಕಟೇಶಪ್ಪ, ನಾರಾಯಣಮ್ಮ, ಲಕ್ಷ್ಮಮ್ಮರ ನಡುವೆ ಇದು ನಡೆಯದ ಮಾತೇನಲ್ಲ. ಹಳ್ಳಿಯಲ್ಲಾದರೆ ‘ಬಂಡೆ ಮುನಿಯಪ್ಪ’, ‘ಡೇರಿ ಮುನಿಯಪ್ಪ’ ಎಂದು ಜನ ಬಿಡಿಸಿಕೊಳ್ಳುತ್ತಾರೆ. ತಂತ್ರಾಂಶದಲ್ಲಿ ಅದಕ್ಕೆ ಅಂಕಣವಿಲ್ಲ.

ಇದಕ್ಕೆ ಡೈಕಾಮ್‌ನಲ್ಲೇ ಮದ್ದಿದೆ, ‘ವರ್ಕ್‌ಲಿಸ್ಟ್’ ಎಂದು. ಕೌಂಟರಿನಲ್ಲಿ ಒಮ್ಮೆ ಬರೆದ ಹೆಸರು, ಸಂಖ್ಯೆ ತಾನಾಗಿ ಎಕೋ ಯಂತ್ರದ ಪರದೆಗೆ ಬರುತ್ತದೆ. ಟೆಕ್ನಿಷಿಯನ್ ಆರಿಸಿಕೊಂಡರೆ ಸಾಕು, ಒಂದಕ್ಷರವೂ ಕುಟ್ಟಬೇಕಿಲ್ಲ. ಎಕೋ ಅಳೆದ ಸಂಖ್ಯೆಗಳು, ಉದಾಹರಣೆಗೆ ಹೃದಯ ಎಷ್ಟು ಪಾಲು ರಕ್ತವನ್ನು ಹೊರದೂಡುತ್ತದೆ ಎಂಬ ಇಎಫ್, ಯಾರೂ ಮತ್ತೆ ಬರೆಯದೆ ನೇರ ವರದಿಗೆ ಇಳಿಯುವ ದಾರಿಯೂ ಇದೆ. ಇವು ತುಂಬ ದುಬಾರಿಯ ಸಂಗತಿಗಳೇನಲ್ಲ. ಆದರೆ ಯಂತ್ರ ಕೊಳ್ಳುವಾಗ ಅವು ಬೇರೆ ಲೈಸೆನ್ಸ್ ಎಂದು ಬರುತ್ತವೆ, ಖರೀದಿ ಸಮಿತಿ ಅದನ್ನೇ ಮೊದಲು ಹೊಡೆದುಹಾಕುತ್ತದೆ. ತಮಾಷೆಯೆಂದರೆ ಅದೇ ಆಸ್ಪತ್ರೆಯಲ್ಲಿ ಬಿಲ್ಲಿಂಗ್ ತಂತ್ರಾಂಶಕ್ಕೆ ಎಲ್ಲ ವಿಭಾಗಗಳೂ ಜೋಡಿಯಾಗಿರುತ್ತವೆ. ಎಕೋ ವರದಿ ಕಳೆದುಹೋದೀತು, ಎಕೋದ ಬಿಲ್ಲು ಕಳೆದುಹೋದದ್ದನ್ನು ಯಾರೂ ಕಂಡಿಲ್ಲ.

ಚಾಮರಾಜನಗರದಿಂದ ಹಾಸನದವರೆಗೆ

ಹೃದಯದ ಚಿತ್ರಗಳನ್ನು ದೂರಕ್ಕೆ ಕಳಿಸುವ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವೇನೂ ಅಲ್ಲ. 2002ರ ಹೊತ್ತಿಗೇ ಡಾ. ದೇವಿ ಶೆಟ್ಟಿ ಅವರ ನಾರಾಯಣ ಹೃದಯಾಲಯ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ, ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಕೊಂಡಿ ಹಾಕಿತ್ತು. ಊರಲ್ಲಿ ಇಂಟರ್ನೆಟ್ ಎಂದರೆ ಸೈಬರ್ ಸೆಂಟರ್ ಎನ್ನುವ ಕಾಲ ಅದು. ಛಾವಣಿಯ ಮೇಲಿನ ತಟ್ಟೆಯಿಂದ ಇಸಿಜಿ, ಎಕ್ಸ್‌ರೇ ಆಕಾಶಕ್ಕೆ ಹೋಗಿ ಬೊಮ್ಮಸಂದ್ರದಲ್ಲಿ ಇಳಿಯುತ್ತಿದ್ದವು.

ಈಗ ಆ ಕೆಲಸವನ್ನು ಮೊಬೈಲ್ ಸಿಗ್ನಲ್ಲೇ ಮಾಡುತ್ತದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ರ ವಯಸ್ಸಿನಲ್ಲಿ ಹೋದ ಆಘಾತವನ್ನು ಈ ನಾಡು ಮರೆತಿಲ್ಲ. ಅವರ ಹೆಸರಿನಲ್ಲೇ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿತು. ಜಯದೇವದಂಥ ದೊಡ್ಡ ಆಸ್ಪತ್ರೆ ನಡುವಿನ ಗುಂಬ, ತಾಲ್ಲೂಕು ಆಸ್ಪತ್ರೆಗಳು ಅದರಿಂದ ಹೊರಟ ಅರಗಳು. ತಾಲ್ಲೂಕಿನಲ್ಲಿ ತೆಗೆದ ಇಸಿಜಿ ಜಾಲಕ್ಕೆ ಏರುತ್ತದೆ, ಯಂತ್ರಬುದ್ಧಿ ಮೊದಲು ಓದುತ್ತದೆ, ಕೆಲವೇ ನಿಮಿಷಗಳಲ್ಲಿ ಉತ್ತರ ಬರುತ್ತದೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನು, ಹೊರಗೆ ಕೊಂಡರೆ ಸುಮಾರು 30 ಸಾವಿರ ರೂಪಾಯಿಯದು, ಅಲ್ಲೇ ಉಚಿತ. ಆಮೇಲೆ ಆಂಬುಲೆನ್ಸ್, ಆಂಜಿಯೋ. ಟೇಕಲ್‌ನಂಥ ಊರಿಗೆ ಇದಕ್ಕಿಂತ ಉಪಯೋಗದ ಯೋಜನೆ ಇತ್ತೀಚೆಗೆ ಬಂದಿಲ್ಲವೆಂದೇ ನನ್ನ ಎಣಿಕೆ. ಹೃದಯದ ಮಾಂಸ ಉಳಿಸುವ ಕೆಲಸ ಹೊಸೂರು ರಸ್ತೆಯ ಟ್ರಾಫಿಕ್ಕಿಗೆ ಕಾಯದೆ ಮಾಲೂರಿನಲ್ಲೇ ಶುರುವಾಗಬಹುದು.

2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ದಿನಕ್ಕೊಂದು ಸಾವಿನ ಸುದ್ದಿ ಬಂದಾಗ ಇನ್ನೊಂದು ಕೊರತೆ ಬಯಲಾಯಿತು. ಚಿಕ್ಕ ವಯಸ್ಸಿನವರು ಹೃದಯಾಘಾತದಿಂದ ಸಾಲುಸಾಲಾಗಿ ಸಾಯುತ್ತಿದ್ದಾರೆಂಬ ಭಯಕ್ಕೆ ಜಯದೇವದ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತಿತು. ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ಪರಿಶೀಲಿಸಿ, ಅವೆಲ್ಲವೂ ಹೃದಯದ ಸಾವುಗಳಲ್ಲ, ಒಟ್ಟಾರೆ ಏರಿಕೆಯೂ ಕಂಡಿಲ್ಲ ಎಂದು ವರದಿ ಕೊಟ್ಟಿತು. ಆಸ್ಪತ್ರೆಯ ಹೊರಗೆ ಹಠಾತ್ತಾಗಿ ಸತ್ತವರ ಮಾಹಿತಿ ಕಲೆಹಾಕುವ ವ್ಯವಸ್ಥೆ ಬೇಕೆಂಬ ಮಾತು ಎದ್ದದ್ದೂ, ಹೃದಯ ಜ್ಯೋತಿಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೆ ಹಿಗ್ಗಿಸುವುದಾಗಿ ಸರ್ಕಾರ ಹೇಳಿದ್ದೂ ಆಗಲೇ. ಸತ್ತವನ ಹಿಂದಿನ ಇಸಿಜಿ, ಎಕೋ, ಸಕ್ಕರೆ ಕಾಯಿಲೆಯ ಚೀಟಿಗಳೆಲ್ಲ ಒಂದೇ ಸಂಖ್ಯೆಯ ಕೆಳಗೆ ಸಿಗುವಂತಿದ್ದರೆ ಇಂಥ ಪ್ರಶ್ನೆಗೆ ಉತ್ತರಿಸಲು ಸಮಿತಿ ಮಾಡಬೇಕಾಗಿ ಬರುತ್ತಿತ್ತೇ?

ಆ ಒಂದು ಸಂಖ್ಯೆಯೂ ಬಂದಿದೆ. 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ 14 ಅಂಕಿಯ ‘ಆಭಾ’. ಎನ್‌ಐಸಿ ರೂಪಿಸಿದ ಇ-ಹಾಸ್ಪಿಟಲ್ ತಂತ್ರಾಂಶವೂ ರಾಜ್ಯದ ಹಲವು ಸರ್ಕಾರಿ ಆಸ್ಪತ್ರೆಗಳಲ್ಲಿದೆ. ರೋಗಿ ಒಪ್ಪಿಗೆ ಕೊಟ್ಟರೆ ಒಂದು ಆಸ್ಪತ್ರೆಯ ದಾಖಲೆಯನ್ನು ಇನ್ನೊಂದು ನೋಡಬಹುದೆಂಬುದು ಇದರ ಬುನಾದಿ. ಬುನಾದಿ ಒಳ್ಳೆಯದೇ. ಆದರೆ ಒಪ್ಪಿಗೆಯ ಓಟಿಪಿ ಬರುವುದು ಯಾವ ಫೋನಿಗೆ? ಮನೆಗೊಂದು ನಂಬರು, ಅದು ಮಗನದು, ಮಗ ನರಸಾಪುರದ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿಯಲ್ಲಿ. ಇನ್ನು ದಾಖಲೆ ಸಿಕ್ಕರೂ ಅದರೊಳಗೆ ಇರುವುದು ಬಹಳ ಸಲ ಸ್ಕ್ಯಾನ್ ಮಾಡಿದ ಪಿಡಿಎಫ್. ಪ್ಲಾಸ್ಟಿಕ್ ಕವರಿಗಿಂತ ವಾಸಿ, ಸುಳ್ಳಲ್ಲ. ಆದರೆ ಇವತ್ತಿನ ಇಸಿಜಿಯ ಗೆರೆಯ ಮೇಲೆ ಅಂದಿನ ಗೆರೆ ಇಟ್ಟು ನೋಡಲು ಪಿಡಿಎಫ್ ಸಾಲದು.

ಎಲ್ಲರೂ ಮರೆಯುವ ಇನ್ನೊಂದು ದಿಕ್ಕಿದೆ. ನಮ್ಮ ಯೋಜನೆಗಳೆಲ್ಲ ಚಿತ್ರವನ್ನು ಹಳ್ಳಿಯಿಂದ ಪೇಟೆಗೆ ಕಳಿಸುತ್ತವೆ. ಪೇಟೆಯಿಂದ ಹಳ್ಳಿಗೆ ಏನು ಬರುತ್ತದೆ? ಸ್ಟೆಂಟ್ ಹಾಕಿಸಿಕೊಂಡ ಮುನಿಯಪ್ಪ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ರಕ್ತ ಹೆಪ್ಪುಗಟ್ಟದಂತೆ ಎರಡು ಮಾತ್ರೆ ನುಂಗಬೇಕು. ಆರನೇ ತಿಂಗಳಲ್ಲಿ ಹಲ್ಲು ಕೀಳಿಸಲು ಹೋದಾಗ ಯಾರೋ ‘ಒಂದು ವಾರ ಮಾತ್ರೆ ನಿಲ್ಲಿಸಿ’ ಎನ್ನುತ್ತಾರೆ. ಯಾವ ತಾರೀಕಿಗೆ, ಯಾವ ರಕ್ತನಾಳಕ್ಕೆ, ಯಾವ ಬಗೆಯ ಸ್ಟೆಂಟ್ ಹಾಕಿದರೆಂದು ಊರಿನ ಡಾಕ್ಟರಿಗೆ ಗೊತ್ತಿದ್ದರೆ ‘ನಿಲ್ಲಿಸಬೇಡಿ, ಮೊದಲು ಹೃದಯದ ಡಾಕ್ಟರನ್ನು ಕೇಳಿ’ ಎಂದು ತಡೆದಾರು. ಹಠಾತ್ತಾಗಿ ನಿಲ್ಲಿಸಿದ ಮಾತ್ರೆ ಹೊಸ ಸ್ಟೆಂಟನ್ನೇ ಕಟ್ಟಿಹಾಕಬಲ್ಲದು. ಮುನಿಯಪ್ಪನನ್ನು ವರ್ಷವಿಡೀ ನೋಡುವವರು ಟೇಕಲ್‌ನ ಡಾಕ್ಟರು ಮತ್ತು ಆಶಾ ಕಾರ್ಯಕರ್ತೆ. ಅವರ ಪರದೆಗೆ ನಾಲ್ಕು ಸಾಲು ಬರದ ಜೋಡಣೆಯನ್ನು ನಾನು ಅರ್ಧ ಜೋಡಣೆ ಎಂದೇ ಕರೆಯುತ್ತೇನೆ.

ಖರೀದಿಯ ಟೆಂಡರ್ ಬರೆಯುವವರು ಮನಸ್ಸು ಮಾಡಿದರೆ ಬಹಳಷ್ಟು ಅಲ್ಲೇ ಸರಿಹೋದೀತು. ಇಸಿಜಿ ಯಂತ್ರ ಕಾಗದವಷ್ಟೇ ಅಲ್ಲ, ತೆರೆದ ಮಾನದಂಡದಲ್ಲಿ ಅಳತೆಗಳನ್ನೇ ಕೊಡಬೇಕು. ಎಕೋ ಯಂತ್ರದ ಬೆಲೆಯೊಳಗೇ ವರ್ಕ್‌ಲಿಸ್ಟ್ ಸೇರಿರಬೇಕು. ಕಂಪನಿ ಬದಲಾದರೆ ಹಳೆಯ ಚಿತ್ರಗಳನ್ನೆಲ್ಲ ಓದುವಂತೆ ಬಿಟ್ಟುಹೋಗಬೇಕು. ಈ ಷರತ್ತುಗಳನ್ನು ಕೊಳ್ಳುವ ಮುನ್ನ ಬರೆಸಿಕೊಳ್ಳದ ಆಸ್ಪತ್ರೆಗೆ ಆಮೇಲೆ ‘ಇಂಟರ್‌ಫೇಸ್’ ಎಂಬ ಹೆಸರಿನಲ್ಲಿ ಬೇರೆಯದೇ ಬಿಲ್ಲು ಬರುತ್ತದೆ.

ಅಲ್ಲಿಯವರೆಗೆ ಮನೆಯವರು ಮಾಡಬಹುದಾದದ್ದೂ ಇದೆ. ಎದೆ ನೋವು ಇಲ್ಲದ ದಿನ ತೆಗೆಸಿದ ಇಸಿಜಿಯೇ ನೋವು ಬಂದ ದಿನ ಹೆಚ್ಚು ಬೆಲೆಯದು. ಅದನ್ನು ಕೂಡಲೇ ಜೆರಾಕ್ಸ್ ಮಾಡಿಸಿ, ನಾಲ್ಕೂ ಅಂಚು, ಹೆಸರು, ತಾರೀಕು ಕಾಣುವಂತೆ ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ ಫೋಟೊ ತೆಗೆದು ಮನೆಯ ಇಬ್ಬರ ಫೋನಿನಲ್ಲಾದರೂ ಇಡಬೇಕು. ಎಲ್ಲ ಆಸ್ಪತ್ರೆಯಲ್ಲೂ ಹೆಸರನ್ನು ಆಧಾರ್‌ನಲ್ಲಿ ಇರುವಂತೆಯೇ ಬರೆಸಬೇಕು. ಸ್ಟೆಂಟಿನ ಕಾರ್ಡು ರೇಷನ್ ಕಾರ್ಡಿನ ಜೊತೆಗಿರಲಿ. ಆಂಜಿಯೋ ಸಿ.ಡಿ. ಕೊಟ್ಟರೆ ‘ನಮ್ಮನೇಲಿ ಸಿ.ಡಿ. ಪ್ಲೇಯರ್ ಇಲ್ಲ’ ಎಂದು ಬಿಟ್ಟುಬರಬೇಡಿ. ಅದು ಡೈಕಾಮ್‌ನಲ್ಲಿರುತ್ತದೆ, ಯಾವ ಕ್ಯಾತ್ ಲ್ಯಾಬಿನಲ್ಲೂ ತೆರೆದುಕೊಳ್ಳುತ್ತದೆ. ಎರಡನೆಯ ಸಲ ಹೋದಾಗ ಯಾವ ನಾಳ ಮೊದಲೇ ಕಿರಿದಾಗಿತ್ತು, ಯಾವುದು ಹೊಸದಾಗಿ ಕಟ್ಟಿದೆ ಎಂಬುದು ಡಾಕ್ಟರಿಗೆ ಗೊತ್ತಾಗುವುದು ಅದರಿಂದಲೇ.